ಕೆಳಗಿನ ಗಲ್ಲಿ

ಹೈದರಾಬಾದಿನ ಬಸ್ತಿಗಳ ಬಾಯಲ್ಲಿ ಒಂದಲ್ಲ ಒಂದು ಶಿಲಾಫಲಕ ಕಣ್ಣಿಗೆ ಬೀಳುತ್ತದೆ. ಕರಿಕಲ್ಲಿನ ಮೇಲೆ ಬಂಗಾರದ ಬಣ್ಣದ ಅಕ್ಷರ. ಮಂತ್ರಿ, ಶಾಸಕ, ಕಾರ್ಪೊರೇಟರ್ ಹೆಸರು. ಕಾಮಗಾರಿಯ ವಿವರ, ಅಂದಾಜು ಮೊತ್ತ, ತಾರೀಖು. ಹೆಸರುಗಳನ್ನು ಬಿಟ್ಟು ಕಾಮಗಾರಿಯ ಸಾಲನ್ನಷ್ಟೇ ಓದಿದರೆ ಹೆಚ್ಚಿನವು ಒಂದೇ ತರಹ ಇರುತ್ತವೆ: ಇಂಥ ನಂಬರಿನ ಮನೆಯಿಂದ ಇಂಥ ನಂಬರಿನ ಮನೆಯವರೆಗೆ ಸಿಸಿ ರಸ್ತೆ. ಟೆಂಡರ್ ಕರೆಯುವುದೂ ಹಾಗೆಯೇ, ಬಿಲ್ ಆಗುವುದೂ ಹಾಗೆಯೇ. ಕೆಲಸ ಒಂದು ಬಾಗಿಲಿನ ಮುಂದೆ ಶುರುವಾಗಿ ಇನ್ನೊಂದು ಬಾಗಿಲಿನ ಮುಂದೆ ಮುಗಿಯುತ್ತದೆ. ಆ ಕೊನೆಯ ಬಾಗಿಲಿನಿಂದ ಮುಂದೆ ಮಳೆನೀರು ಎಲ್ಲಿಗೆ ಹೋಗಬೇಕು ಎಂಬುದು ಫಲಕದಲ್ಲಿ ಇರುವುದಿಲ್ಲ. ಫಲಕದಲ್ಲಿ ಅದು ಇರಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಎಸ್ಟಿಮೇಟಿನಲ್ಲೂ ಇರದೆ ಹೋದಾಗ ಏನಾಗುತ್ತದೆ ಎಂಬುದನ್ನು ಈ ಊರಿನ ಇಳಿಜಾರು ಗಲ್ಲಿಗಳಲ್ಲಿ ಬದುಕಿದವರು ಬಲ್ಲರು.

ಇದು ನಮ್ಮವರ ಊರೂ ಹೌದು. ಬೀದರ, ಕಲಬುರಗಿ, ರಾಯಚೂರಿನವರಿಗೆ 1956ರವರೆಗೆ ಹೈದರಾಬಾದೇ ರಾಜಧಾನಿ. ಓದಿಗೆ, ಕೋರ್ಟಿಗೆ, ನೌಕರಿಗೆ, ಕೂಲಿಗೆ ಬಂದವರು ಇಲ್ಲೇ ಉಳಿದರು. ಕಾಚಿಗುಡಾದಲ್ಲಿ ಕರ್ನಾಟಕ ಸಾಹಿತ್ಯ ಮಂದಿರ ಕಟ್ಟಿದರು, ನೃಪತುಂಗ ಶಾಲೆ ಕಟ್ಟಿದರು. ರಾಜ್ಯಗಳ ಗೆರೆ ಬದಲಾಯಿತು. ಗಲ್ಲಿಯಲ್ಲಿ ಕನ್ನಡ, ತೆಲುಗು, ದಖ್ಖನಿ ಒಂದೇ ಉಸಿರಿನಲ್ಲಿ ಬೆರೆತು ಹೋಗುವುದು ನಿಲ್ಲಲಿಲ್ಲ. ಆದ್ದರಿಂದ ಈ ಊರಿನ ಚರಂಡಿಯ ಮಾತನ್ನು ಕನ್ನಡದಲ್ಲಿ ಆಡುವುದು ನನಗೆ ಪರಸ್ಥಳದ ಮಾತಾಗಿ ಕೇಳುವುದಿಲ್ಲ.

ನಮ್ಮ ಗಲ್ಲಿ ಮೇಲಿನಿಂದ ಇಳಿದು ಒಂದು ನಾಲಾದ ದಂಡೆಗೆ ಮುಟ್ಟುತ್ತದೆ. ನಾವಿರುವುದು ಮೇಲಿನ ಅರ್ಧದಲ್ಲಿ. ಕೆಳಗಿನ ತುದಿಯಲ್ಲಿ ಬೀದರ ಕಡೆಯ ಒಂದು ಕುಟುಂಬ ತಲೆಮಾರುಗಳಿಂದ ಇದೆ. ಆ ಮನೆಯ ಅವ್ವನ ಮಾವ ಕಟ್ಟಿಸಿದ ಮನೆ ಅದು. ಬಾಗಿಲಿಗೆ ಮೂರು ಮೆಟ್ಟಿಲು, ಮೂರೂ ಶಾಬಾದ್ ಬಂಡೆಯವು. ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದಿನ ಆ ಕಲ್ಲು ಹೈದರಾಬಾದಿನ ಎಷ್ಟೋ ಹಳೆಯ ಮನೆಗಳ ನೆಲವೂ ಹೌದು, ಮೆಟ್ಟಿಲೂ ಹೌದು. ಮಳೆಗಾಲದಲ್ಲಿ ಬೀದಿನೀರು ಎರಡನೇ ಮೆಟ್ಟಿಲು ಮುಟ್ಟಿ ಇಳಿದು ಹೋಗುತ್ತಿತ್ತು ಎಂದು ಅವರು ಹೇಳುತ್ತಾರೆ.

ಗಲ್ಲಿಗೆ ಸಿಸಿ ರಸ್ತೆ ಬಂತು. ಕೆಲವು ವರ್ಷದ ಮೇಲೆ ಅದು ಬಿರುಕು ಬಿಟ್ಟಿತು, ನೀರಿನ ಪೈಪಿಗೆಂದು ಅಗೆದದ್ದಾಯಿತು, ಅದರ ಮೇಲೆ ಇನ್ನೊಂದು ಪದರ ಬಂತು. ಆಮೇಲೆ ಮತ್ತೊಂದು. ಪ್ರತಿ ಸಲವೂ ನಾಲ್ಕಾರು ಅಂಗುಲ. ಮೊದಲ ಮೆಟ್ಟಿಲು ರಸ್ತೆಯೊಳಗೆ ಹೂತು ಹೋಯಿತು, ನಂತರ ಎರಡನೆಯದು. ಈಗ ಮೂರನೆಯ ಬಂಡೆಯ ಅಂಚು ರಸ್ತೆಯ ಮಟ್ಟದಲ್ಲಿ ಒಂದು ನೀಲಿ ಗೆರೆಯಾಗಿ ಕಾಣುತ್ತದೆ, ಒಳಗಿನ ನೆಲ ಅದಕ್ಕೂ ಕೆಳಗಿದೆ. ಬಾಗಿಲಿಗೆ ಅಡ್ಡಲಾಗಿ ಇಟ್ಟಿಗೆ, ಸಿಮೆಂಟಿನ ಒಂದು ಗಿಡ್ಡ ಕಟ್ಟೆ ಕಟ್ಟಿದ್ದಾರೆ. ಒಳಗೆ ಹೋಗುವವರು ಅದನ್ನು ದಾಟಿ ಇಳಿಯಬೇಕು. ಅವ್ವನ ಮಂಡಿಗೆ ಅದು ದಿನಾ ಬೀಳುವ ದಂಡ.

"ಮದ್ಲ ಮಳಿ ಬಂದ್ರ ಹೊರಗಿನ ಅರಬಿ ತೆಗಿತಿದ್ವಿ ಅಣ್ಣಾ, ಈಗ ಒಳಗಿನ ಹಿಟ್ಟಿನ ಡಬ್ಬಿ ಎತ್ತಿ ಇಡ್ತೀವಿ" ಎಂದು ಅವರು ಒಮ್ಮೆ ಹೇಳಿದರು. ಜೋಳದ ಹಿಟ್ಟಿನ ಡಬ್ಬಿ, ಗ್ಯಾಸ್ ಸಿಲಿಂಡರ್, ಮೊಮ್ಮಗಳ ಶಾಲೆಯ ಚೀಲ, ಈ ಮೂರಕ್ಕೂ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಂಚದ ಮೇಲೆ ಕಾಯಂ ಜಾಗ.

ಕೊನೆಯ ಪದರ ಹಾಕುವಾಗ ಹಳೆಯದನ್ನು ಕೆರೆದು ತೆಗೆಯಬಾರದೇ ಎಂದು ಅಲ್ಲಿದ್ದ ಮೇಸ್ತ್ರಿಯನ್ನು ಕೇಳಿದ್ದೆ. "ಎಸ್ಟಿಮೇಟ್ ಮೇ ನಹೀ ಹೈ ಸಾಬ್" ಎಂದ. ಅವನು ಸತ್ಯವನ್ನೇ ಹೇಳಿದ್ದ. ಹಳೆಯ ಕಾಂಕ್ರೀಟ್ ಒಡೆಯುವುದು ಬೇರೆ ಲೆಕ್ಕ, ಅದನ್ನು ಲಾರಿಗೆ ತುಂಬಿ ಊರ ಹೊರಗೆ ಸಾಗಿಸುವುದು ಇನ್ನೊಂದು ಲೆಕ್ಕ. ಕೆಲಸದ ಅಳತೆ ಬರೆಯುವ ಎಂ-ಬುಕ್ಕಿನಲ್ಲಿ ಉದ್ದ, ಅಗಲ, ದಪ್ಪ ಬರೆಯುತ್ತಾರೆ. ಆ ಮೂರರ ಗುಣಾಕಾರಕ್ಕೆ ದುಡ್ಡು. ರಸ್ತೆ ಯಾವ ಎತ್ತರದಲ್ಲಿ ಕೂತಿತು, ಪಕ್ಕದ ಹೊಸ್ತಿಲಿಗಿಂತ ಮೇಲೋ ಕೆಳಗೋ ಎಂದು ನಮೂದಿಸಲು ಅಲ್ಲಿ ಜಾಗವೇ ಇಲ್ಲ. ಇದರಲ್ಲಿ ಕಳ್ಳತನ ಹುಡುಕುವವರು ಹುಡುಕಲಿ. ನನ್ನನ್ನು ಕಾಡುವುದು ಅದಲ್ಲ. ಸಿಮೆಂಟು ಕದಿಯದೆ, ದಪ್ಪ ಕಡಿಮೆ ಮಾಡದೆ, ಪೂರಾ ಪ್ರಾಮಾಣಿಕವಾಗಿ ಮಾಡಿದ ಕೆಲಸವೂ ಆ ಮನೆಯನ್ನು ಇನ್ನಷ್ಟು ಹೂತುಹಾಕುತ್ತದೆ. ಮೇಲಿನ ಗಲ್ಲಿಯ ನಮಗೆ ಅದೇ ರಸ್ತೆ ವರ. ನೀರು ನಿಲ್ಲದೆ ಸರಸರ ಇಳಿದು ಹೋಗುತ್ತದೆ, ಸ್ಕೂಟರ್ ಜಾರುವುದಿಲ್ಲ, ಕೆಸರಿಲ್ಲ. ನಮ್ಮ ಮುಂದಿನಿಂದ ಸರಸರ ಇಳಿದದ್ದು ಎಲ್ಲಿಗೆ ಹೋಗಿ ಸೇರಿತು ಎಂಬುದಕ್ಕೆ ಉತ್ತರ ಅವ್ವನ ಮಂಚದ ಮೇಲಿದೆ.

ಇದೇ ಊರಿಗೆ, ಇದೇ ನೀರಿನ ವಿಚಾರಕ್ಕೆ, ಒಬ್ಬ ಕನ್ನಡಿಗ ನೂರು ವರ್ಷಕ್ಕೂ ಹಿಂದೆ ಬಂದಿದ್ದರು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಊರಿನೊಳಗೆ ನುಗ್ಗಿತು. ಸುಮಾರು 15,000 ಜನ ಸತ್ತರೆಂಬ ಅಂದಾಜಿದೆ. ಅಫ್ಜಲ್‌ಗಂಜಿನ ಒಂದು ಹುಣಸೆ ಮರ ಹತ್ತಿ ಉಳಿದವರ ಕತೆಯನ್ನು ಊರು ಇನ್ನೂ ಹೇಳುತ್ತದೆ. ಆ ಮರ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿದೆ. ಮರುವರ್ಷ, 1909ರ ಏಪ್ರಿಲ್‌ನಲ್ಲಿ, ಮುಂಬೈ ಸರಕಾರದ ನೌಕರಿ ಬಿಟ್ಟಿದ್ದ ಎಂ. ವಿಶ್ವೇಶ್ವರಯ್ಯ ನಿಜಾಮರ ಕರೆಗೆ ಓಗೊಟ್ಟು ಹೈದರಾಬಾದಿಗೆ ಬಂದರು.

ಊರು ಕಾಪಾಡಿ ಎಂದು ಕರೆಸಿದವರಿಗೆ ಊರೊಳಗಿನ ಗೋಡೆ, ಸೇತುವೆ, ದಂಡೆಗಳೇ ಮೊದಲು ಕಾಣುವುದು ಸಹಜ. ವಿಶ್ವೇಶ್ವರಯ್ಯ ಊರ ಹೊರಗೆ, ನೀರು ಹುಟ್ಟುವ ಕಡೆಗೆ ನಡೆದರು. ಮೂಸಿಯ ಜಲಾನಯನದಲ್ಲಿ ಎಷ್ಟು ಕೆರೆಗಳಿವೆ ಎಂದು ಲೆಕ್ಕ ಹಿಡಿದರು. 788 ಕೆರೆಗಳು, ಹೆಚ್ಚುಕಡಿಮೆ ಒಂದು ಚದರ ಮೈಲಿಗೆ ಒಂದರಂತೆ. ಅವುಗಳಲ್ಲಿ 221 ಆ ಮಳೆಗೆ ಒಡೆದಿದ್ದವು. ಮೇಲಿನ ಕೆರೆ ಒಡೆದ ನೀರು ಕೆಳಗಿನ ಕೆರೆಯನ್ನು ಒಡೆಯುತ್ತ ಬಂದಿತ್ತು. ಊರಿನಲ್ಲಿ ಕಂಡ ಪ್ರಳಯ ಊರಿನಲ್ಲಿ ಹುಟ್ಟಿರಲಿಲ್ಲ. ಆದ್ದರಿಂದ ಅವರು ಹೇಳಿದ ಮುಖ್ಯ ಪರಿಹಾರ ಊರಿನಿಂದ ಮೈಲಿಗಳಾಚೆ, ಮೂಸಿ ಮತ್ತು ಈಸಿ ನದಿಗಳ ಮೇಲೆ ಜಲಾಶಯ ಕಟ್ಟುವುದು. 1920ರಲ್ಲಿ ಉಸ್ಮಾನ್‌ಸಾಗರ, 1927ರಲ್ಲಿ ಹಿಮಾಯತ್‌ಸಾಗರ ತಯಾರಾದವು. ಅದೇ 1909ರ ನವೆಂಬರಿನಲ್ಲಿ ಅವರು ಮೈಸೂರಿನ ಮುಖ್ಯ ಇಂಜಿನಿಯರ್ ಆಗಿ ಹೋದರೂ, ಊರಿನ ಒಳಚರಂಡಿಯ ವಿಚಾರಕ್ಕೆ ಮುಂದೆ ಮತ್ತೆ ಹೈದರಾಬಾದಿಗೆ ಬಂದು ಸಲಹೆ ಕೊಟ್ಟರು.

ನಾವು ವಿಶ್ವೇಶ್ವರಯ್ಯನವರನ್ನು ಅಣೆಕಟ್ಟಿನಿಂದ ನೆನೆಯುತ್ತೇವೆ. ಅಣೆಕಟ್ಟಿಗಿಂತ ಮೊದಲು ಬಂದ ಆ ಎಣಿಕೆಯೇ ನನಗೆ ದೊಡ್ಡದಾಗಿ ಕಾಣುತ್ತದೆ. ಒಡೆದ ಕೆರೆಗಳನ್ನು ಒಂದೊಂದಾಗಿ ಎಣಿಸಿದ ಮೇಲೆ, ಈ ಊರಿನ ಕಷ್ಟಕ್ಕೆ ಊರ ಹೊರಗೊಂದು ಬೇರಿದೆ ಎಂಬುದನ್ನು ಯಾರಿಗೂ ಅಲ್ಲಗಳೆಯಲು ಆಗುವುದಿಲ್ಲ. ಒಂದು ವಾರ್ಡಿನ ಕಾಮಗಾರಿಗೆ ಯಾರೂ ಎರಡು ನದಿಗಳ ಲೆಕ್ಕ ಕೇಳುವುದಿಲ್ಲ, ನಿಜ. ಆದರೆ ಗಲ್ಲಿಗೂ ಒಂದು ಪುಟ್ಟ ಜಲಾನಯನ ಇದೆ. ಮಳೆ ಬರುವಾಗ ಒಮ್ಮೆ ಕೊಡೆ ಹಿಡಿದು ಮೇಲಿನಿಂದ ಕೆಳಗಿನವರೆಗೆ ನಡೆದರೆ ಅದು ಪೂರ್ತಿ ಕಾಣುತ್ತದೆ. ಬೇಸಿಗೆಯಲ್ಲಿ ಟೇಪ್ ಹಿಡಿದು ಅಳೆದವರಿಗೆ ಅದು ಕಾಣುವುದಿಲ್ಲ.

ಪ್ರವಾಹದ ನಂತರ, 1912ರಲ್ಲಿ, ಏಳನೇ ನಿಜಾಮರು ನಗರ ಸುಧಾರಣಾ ಮಂಡಳಿಯನ್ನು ಸ್ಥಾಪಿಸಿದರು. ಇಕ್ಕಟ್ಟಿನ ಮೊಹಲ್ಲಾಗಳನ್ನು ತೆರವು ಮಾಡಿದ್ದು, ಪತ್ಥರ್‌ಗಟ್ಟಿಯ ಕಲ್ಲಿನ ಅಂಗಡಿ ಸಾಲು, ಮೊಅಜ್ಜಮ್ ಜಾಹಿ ಮಾರ್ಕೆಟ್, ಬಡವರಿಗೆ ಬಾಡಿಗೆ ಮನೆಗಳು ಎಲ್ಲವೂ ಆ ಮಂಡಳಿಯ ಕೈಕೆಲಸ. ಪ್ಲೇಗಿನ ಆ ದಿನಗಳಲ್ಲಿ ಗಾಳಿ, ಬೆಳಕು, ಚರಂಡಿ ಒಟ್ಟಿಗೆ ಬಂದರಷ್ಟೇ ಅದು ಸುಧಾರಣೆ ಎಂಬ ತಿಳಿವಳಿಕೆ ಇತ್ತು. ತೆರವಾದವರು ಎಲ್ಲರೂ ಹೊಸ ಮನೆಗೆ ಬಂದರೇ ಎಂಬ ಪ್ರಶ್ನೆಯನ್ನು ಆಗಿನ ಆಡಳಿತಕ್ಕೂ ಕೇಳಬೇಕು; ರಾಜರ ಕಾಲವನ್ನು ಸುಮ್ಮನೆ ಹೊಗಳಿ ನಾನು ಮುಂದೆ ಹೋಗಲಾರೆ.

ಈಗಿನ ಮಾತಿಗೆ ಬರೋಣ. 2007ರಲ್ಲಿ ಹಳೆಯ ಪಾಲಿಕೆಗೆ ಸುತ್ತಲಿನ 12 ಪುರಸಭೆಗಳು ಸೇರಿ ಗ್ರೇಟರ್ ಹೈದರಾಬಾದ್ ಮಹಾನಗರ ಪಾಲಿಕೆ ಆಯಿತು. ಅದಕ್ಕೆ 150 ವಾರ್ಡುಗಳಿದ್ದವು. ನಾಲಾಗಳು ವಾರ್ಡಿಗಿಂತ ಹಳೆಯವು. ಕುಕಟ್‌ಪಲ್ಲಿಯ ನಾಲಾ ಹುಸೇನ್‌ಸಾಗರಕ್ಕೆ ಬರುತ್ತದೆ, ಹುಸೇನ್‌ಸಾಗರ ತುಂಬಿ ಹರಿದದ್ದು ಇನ್ನೊಂದು ನಾಲಾ ಹಿಡಿದು ಮನೆಗಳ ಬೆನ್ನಿಗೇ ಅಂಟಿಕೊಂಡು ಮೂಸಿಗೆ ಹೋಗುತ್ತದೆ. 2000ದ ಆಗಸ್ಟ್ 24ರಂದು ಬೇಗಂಪೇಟೆಯಲ್ಲಿ ಒಂದೇ ದಿನ 24 ಸೆಂಟಿಮೀಟರ್ ಮಳೆ ಸುರಿದಾಗ ಊರು ನಡುಗಿತು. ನಾಲಾ ಅಗಲ ಮಾಡಬೇಕೆಂಬ ವರದಿ ಬಂತು. ಅಗಲ ಮಾಡಬೇಕಾದಲ್ಲಿ ಮನೆಗಳಿದ್ದವು. ಆ ಮನೆಗಳಲ್ಲಿ ಇದ್ದವರಿಗೆ ಹೋಗಲು ಬೇರೆ ಕಡೆ ಇರಲಿಲ್ಲ. 2020ರ ಅಕ್ಟೋಬರಿನಲ್ಲಿ ಮತ್ತೆ ಅದೇ ಆಯಿತು. ಪಲ್ಲೆ ಚೆರುವು, ಗುರ್ರಂ ಚೆರುವು ಒಡೆದು ಹಳೇ ಊರಿನ ದಕ್ಷಿಣದ ಕಾಲನಿಗಳು ಮುಳುಗಿದವು. ಟೋಲಿಚೌಕಿಯ ನದೀಂ ಕಾಲನಿಯಲ್ಲಿ ಮಳೆ ನಿಂತ ಮೇಲೂ ನೀರು ದಿನಗಟ್ಟಲೆ ನಿಂತೇ ಇತ್ತು. ಅದರ ಬೆನ್ನಿಗೆ ನಾಲಾಗಳ ಅಭಿವೃದ್ಧಿಗೆಂದೇ ಪ್ರತ್ಯೇಕ ಯೋಜನೆ ಬಂತು, ಮೊದಲ ಹಂತಕ್ಕೆ ಸುಮಾರು 985 ಕೋಟಿ ರೂಪಾಯಿ. ಬೇಕಾಗಿದ್ದ ಕೆಲಸ. ಎಷ್ಟೋ ಕಾಲನಿಗಳು ಅದರಿಂದ ಉಸಿರಾಡಿವೆ.

ಅದೇ 2020ರ ಸೆಪ್ಟೆಂಬರಿನಲ್ಲಿ, ನೇರೇಡ್‌ಮೆಟ್‌ನಲ್ಲಿ ಸೈಕಲ್ ತುಳಿಯಲು ಹೋದ 12 ವರ್ಷದ ಹುಡುಗಿ ತೆರೆದ ನಾಲಾಕ್ಕೆ ಬಿದ್ದು ತೀರಿಹೋದಳು. ಆ ಸುದ್ದಿ ಓದಿದ ಯಾವ ತಂದೆ ತಾಯಿಗೂ ಅದು ಮರೆಯುವಂಥದಲ್ಲ. ನಾಲಾಗಳಿಗೆ ಸ್ಲ್ಯಾಬ್ ಹಾಕಿ ಮುಚ್ಚಿ ಎಂಬ ಕೂಗು ಎದ್ದಿತು. ಏಳಬೇಕಾದದ್ದೇ. ಮುಚ್ಚಿದ ನಾಲಾದೊಳಗೆ ಹೂಳು ತುಂಬುವುದು ಮಾತ್ರ ನಿಲ್ಲುವುದಿಲ್ಲ, ಅದು ಕಣ್ಣಿಗೆ ಬೀಳುವುದು ನಿಲ್ಲುತ್ತದೆ. ತೆಗೆಯಲು ಯಂತ್ರ ಇಳಿಯುವಷ್ಟು ಬಾಯಿ ಬಿಟ್ಟಿಲ್ಲದ ಕಡೆ ಮತ್ತೆ ಮನುಷ್ಯರನ್ನೇ ಇಳಿಸುವ ಅಪಾಯ ಬರುತ್ತದೆ. ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಒಳಚರಂಡಿಗೆ ಇಳಿಸುವುದನ್ನು ಕಾನೂನು 2013ರಲ್ಲೇ ನಿಷೇಧಿಸಿದೆ. ಮಗುವಿನ ಜೀವ ಉಳಿಸುವ ಕೆಲಸ ಕಾರ್ಮಿಕನ ಜೀವಕ್ಕೆ ಎರವಾಗದ ಹಾಗೆ ಮಾಡಲು ಬರುತ್ತದೆ: ಗಟ್ಟಿ ಬೇಲಿ, ಅಳತೆಗೆ ತಕ್ಕ ದೂರದಲ್ಲಿ ಎತ್ತಬಲ್ಲ ಮುಚ್ಚಳ, ವರ್ಷವರ್ಷ ಹೂಳು ತೆಗೆಯಲು ಬೇರೆಯಾಗಿ ಇಟ್ಟ ದುಡ್ಡು. ಮೊದಲೆರಡನ್ನು ಉದ್ಘಾಟಿಸಬಹುದು. ಮೂರನೆಯದಕ್ಕೆ ಉದ್ಘಾಟನೆ ಇಲ್ಲ, ಆದ್ದರಿಂದ ಮೊದಲು ಸೊರಗುವುದು ಅದೇ. ಪ್ರತಿ ಬೇಸಿಗೆ ನಾಲಾದಿಂದ ಎತ್ತಿ ದಂಡೆಗೆ ಸುರಿದ ಹೂಳು ಅಲ್ಲೇ ಒಣಗಿ, ಮೊದಲ ಮಳೆಗೆ ತಿರುಗಿ ಒಳಗೇ ಇಳಿಯುವುದನ್ನು ದಂಡೆಯ ಮಕ್ಕಳು ಕೂಡ ನೋಡಿದ್ದಾರೆ.

ನಿರ್ವಹಣೆಗೂ ಬೆಲೆ ಕಟ್ಟಬಹುದು ಎಂಬುದಕ್ಕೆ ಉದಾಹರಣೆ ಈ ಊರಿನಲ್ಲೇ ಇದೆ. 709 ಕಿಲೋಮೀಟರ್ ಮುಖ್ಯರಸ್ತೆಗಳನ್ನು ಐದು ವರ್ಷ ನೋಡಿಕೊಳ್ಳುವ ಹೊಣೆಯನ್ನು ಪಾಲಿಕೆ ಏಜೆನ್ಸಿಗಳಿಗೆ ಒಪ್ಪಿಸಿತ್ತು. ಗುಂಡಿ ಬಿದ್ದರೆ ಮುಚ್ಚಬೇಕಾದವರು ಯಾರು ಎಂಬುದು ಒಪ್ಪಂದದಲ್ಲೇ ಬರೆದಿತ್ತು. ಈ ಬಗೆಯ ಹೊಣೆ ಮುಖ್ಯರಸ್ತೆಯಿಂದ ಒಳಗಲ್ಲಿಗೆ ಇಳಿದು ಬಂದರೆ, ಪದರದ ಮೇಲೆ ಪದರ ಹಾಕುವುದು ಗುತ್ತಿಗೆದಾರನಿಗೇ ನಷ್ಟದ ಬಾಬತ್ತಾಗುತ್ತದೆ.

ಗಲ್ಲಿಯ ಜನರನ್ನು ಕೇಳಿ ಕೆಲಸ ಮಾಡುವುದು ಹೊರಗಿನಿಂದ ಬಂದ ಹೊಸ ಪಾಠ ಎಂದು ಎಷ್ಟೋ ಜನ ತಿಳಿದಿದ್ದಾರೆ. ಈ ಊರಿನ ಪಾಲಿಕೆಯೊಳಗೇ, 1967ರಲ್ಲಿ, ನಗರ ಸಮುದಾಯ ಅಭಿವೃದ್ಧಿ ಎಂಬ ಯೋಜನೆ ಶುರುವಾಗಿತ್ತು. ಅದರ ಸಿಬ್ಬಂದಿ ಮೊದಲು ಬಸ್ತಿಗೆ ಹೋಗಿ ಕೂತು ಮಾತಾಡುವವರು. ನಿಮಗೆ ಮೊದಲು ಏನು ಬೇಕು, ಅದರಲ್ಲಿ ನಿಮ್ಮ ಪಾಲು ಎಷ್ಟು ಎಂದು ಕೇಳುವವರು. ಒಂದು ಕಡೆ ಬಾಲವಾಡಿ, ಇನ್ನೊಂದು ಕಡೆ ಹೆಂಗಸರಿಗೆ ಹೊಲಿಗೆ ಕಲಿಸುವ ತರಗತಿ, ಮತ್ತೊಂದು ಕಡೆ ನಳ. 1970ರ ದಶಕದಲ್ಲಿ ಯುನಿಸೆಫ್ ನೆರವು ಬಂತು. ಆ ದಶಕದ ಕೊನೆಗೆ ನಿಂತ ಜಾಗಕ್ಕೆ ಪಟ್ಟಾ ಕೊಟ್ಟು, ಬ್ಯಾಂಕ್ ಸಾಲ ಕೊಡಿಸಿ, ಬಸ್ತಿಯವರೇ ನಿಂತು ಮನೆ ಕಟ್ಟಿಕೊಳ್ಳುವ ಹಂತಕ್ಕೆ ಅದು ಬೆಳೆಯಿತು. ಕಟ್ಟಿಕೊಂಡವರಿಗೆ ತಮ್ಮ ಹೊಸ್ತಿಲು ಎಷ್ಟು ಎತ್ತರ ಬೇಕೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. 80ರ ದಶಕದಲ್ಲಿ ಬ್ರಿಟನ್ನಿನ ಹಣದಿಂದ ಕೊಳೆಗೇರಿ ಸುಧಾರಣೆ ದೊಡ್ಡದಾಗಿ ನಡೆಯಿತು. ರಸ್ತೆ, ಚರಂಡಿ, ದೀಪ ಬಂದವು. ಹಣ ಹೆಚ್ಚಿದಂತೆ ಕಾಂಕ್ರೀಟಿನ ಪಾಲು ಹಿಗ್ಗಿ, ಕೂತು ಮಾತಾಡುವವರ ಪಾಲು ಕುಗ್ಗಿತು ಎಂದು ನನಗೆ ಅನಿಸುತ್ತದೆ. ಆ ವಿಭಾಗ ಪಾಲಿಕೆಯಲ್ಲಿ ಇಂದಿಗೂ ಇದೆ, ಮಹಿಳಾ ಸ್ವಸಹಾಯ ಸಂಘಗಳ ಕೆಲಸ ನೋಡುತ್ತದೆ. ರಸ್ತೆಯ ಎಸ್ಟಿಮೇಟ್ ಬರೆಯುವ ಮೇಜು ಅದರಿಂದ ದೂರ.

ಅದೇ ಬ್ರಿಟಿಷ್ ನೆರವಿನಲ್ಲಿ ಇಂದೋರಿನಲ್ಲಿ ಇಂಜಿನಿಯರ್ ಹಿಮಾಂಶು ಪಾರೀಖ್ ಒಂದು ಅಪರೂಪದ ಮಾತು ಹೇಳಿದ್ದರು. ಬಡವರ ಬಸ್ತಿಗಳು ಬಹುಪಾಲು ನೀರಿನ ದಾರಿಯ ಪಕ್ಕದಲ್ಲೇ ಇರುತ್ತವೆ. ಹಾಗಾದರೆ ಊರಿನ ಚರಂಡಿಯ ಜಾಲವನ್ನು ಬಸ್ತಿಗಳ ಮೂಲಕವೇ ಒಯ್ಯೋಣ, ಬಸ್ತಿ ಸುಧಾರಿಸಿದರೆ ಊರೇ ಸುಧಾರಿಸುತ್ತದೆ ಎಂದು. 1998ರಲ್ಲಿ ಆ ಕೆಲಸಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಆಮೇಲೆ ಹೋಗಿ ನೋಡಿದವರು ಕಟ್ಟಿಕೊಂಡ ಕೊಳವೆಗಳನ್ನೂ ಹಿಂದೆ ಬರುವ ಕೊಳಚೆಯನ್ನೂ ಕಂಡು ಕಟುವಾಗಿ ಬರೆದರು. ಎರಡೂ ಮಾತು ನನಗೆ ಬೇಕು. ಕಲ್ಪನೆ ಸರಿಯಿತ್ತು. ಕೆಳಗಿನ ತುದಿ ತೆರೆದಿರುವಂತೆ ವರ್ಷಗಟ್ಟಲೆ ಕಾಯುವವರು ಇರಲಿಲ್ಲ.

ಕಾಯುವವರನ್ನು ಹುಟ್ಟಿಸಲೆಂದೇ ಸಂವಿಧಾನದ 74ನೇ ತಿದ್ದುಪಡಿ, ಮೂರು ಲಕ್ಷಕ್ಕೆ ಮೇಲ್ಪಟ್ಟ ಜನಸಂಖ್ಯೆಯ ಊರುಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಹೇಳಿತು. ಹೈದರಾಬಾದಿನಲ್ಲಿ ಅದರ ಕೆಳಗೆ ಏರಿಯಾ ಸಭೆಗಳಿಗೂ ಕಾನೂನಿನಲ್ಲಿ ಜಾಗ ಇದೆ. ಬೆಂಗಳೂರಿನ ಗೆಳೆಯರು ತಮ್ಮಲ್ಲಿ ವಾರ್ಡ್ ಸಮಿತಿ ನಡೆಸಲು ಎಷ್ಟು ಹೋರಾಡಬೇಕಾಯಿತೆಂದು ಹೇಳುತ್ತಾರೆ. ಇಲ್ಲಿಯ ಕತೆ ಅದಕ್ಕಿಂತ ಬೇರೆಯಲ್ಲ. ಆದರೆ ಸಮಿತಿ ಸಭೆ ಸೇರಿದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಎಂದು ನಾನು ನಂಬಲಾರೆ. ಯಾಕೆಂದರೆ ನಮ್ಮ ಗಲ್ಲಿಯಲ್ಲೇ ನಾವು ಒಂದು ಸಭೆ ಸೇರಿದೆವು.

ಸೇರಿದ್ದು ಬಸ್ತಿಯ ಕಮ್ಯುನಿಟಿ ಹಾಲಿನಲ್ಲಿ. ಹಗಲು ಅಲ್ಲಿ ಬಸ್ತಿ ದವಾಖಾನೆ ನಡೆಯುತ್ತದೆ. ಬಿಪಿ ನೋಡುವ ಮೇಜನ್ನು ಗೋಡೆಗೆ ಸರಿಸಿ ಕುರ್ಚಿ ಹಾಕಿದ್ದೆವು. ಗಲ್ಲಿಗೆ ಮತ್ತೆ ರಸ್ತೆ ಮಂಜೂರಾಗಲಿದೆ ಎಂಬ ಸುದ್ದಿ ಬಂದಿತ್ತು. ಹಳೆಯ ಪದರಗಳನ್ನು ಪೂರ್ತಿ ತೆಗೆದ ಮೇಲೆಯೇ ಹೊಸದು ಹಾಕಬೇಕು ಎಂದು ಬರೆದು ಕೊಡೋಣ ಎಂಬುದು ಕೆಳಗಿನವರ ಮಾತು. ಮೇಲಿನ ಮನೆಗಳವರು ಒಪ್ಪಲಿಲ್ಲ. ಒಡೆಯಲು ವಾರಗಟ್ಟಲೆ ಹಿಡಿಯುತ್ತದೆ, ಗಾಡಿ ಎಲ್ಲಿ ನಿಲ್ಲಿಸುವುದು, ಒಡೆಯುವಾಗ ನೀರಿನ ಪೈಪ್ ಒಡೆದರೆ ಯಾರು ಹೊಣೆ, ದುಡ್ಡು ಸಾಲದೆಂದು ಮಂಜೂರಾದದ್ದೇ ಹಿಂದೆ ಹೋದರೆ? ಯಾವುದೂ ಸುಳ್ಳಲ್ಲ. "ಪೆಹಲೇ ರೋಡ್ ಆನೇ ದೋ" ಎಂದು ಹಿಂದಿನ ಸಾಲಿನಿಂದ ಒಬ್ಬರು, "ಮುಂದು ರೋಡ್ಡು ಪಡನೀಯಂಡಿ" ಎಂದು ಇನ್ನೊಬ್ಬರು; ಮೊದಲು ರಸ್ತೆ ಬರಲಿ ಎಂಬುದೇ ಇಬ್ಬರ ಮಾತೂ. ಕಚೇರಿಯವರು ಯಾರೂ ಅಲ್ಲಿರಲಿಲ್ಲ. ಕೆಳಗಿನ ಮನೆಗಳು ಮುಳುಗುವ ಹಾಗೆ ಮಾಡುವ ತೀರ್ಮಾನವನ್ನು ಅವತ್ತು ತೆಗೆದುಕೊಳ್ಳಲು ಹೊರಟವರು ದಿನಾ ಒಬ್ಬರ ಮನೆಗೊಬ್ಬರು ಪಾಯಸ, ಸೇವಯ್ಯಾ ಕಳಿಸುವ ನಾವೇ. ಮೇಲಿನವರಿಗೆ ಲಾಭ ತಕ್ಷಣ, ಕೆಳಗಿನವರಿಗೆ ನಷ್ಟ ಮಳೆಗಾಲಕ್ಕೆ. ಗಲ್ಲಿಯ ಮೇಲಿನ ಅರ್ಧದಲ್ಲಿ ಮನೆಗಳು ಹೆಚ್ಚು, ಕೈಗಳೂ ಹೆಚ್ಚು. ಕೈ ಎತ್ತಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಕೈ ಎತ್ತಿಸುವುದು ಬೇಡ, ಎಲ್ಲರೂ ನಮ್ಮ ಮನೆಗೆ ಬರ್ರಿ ಎಂದರು ಅವ್ವ. ಬಂದವರು ಒಬ್ಬೊಬ್ಬರಾಗಿ ಇಟ್ಟಿಗೆಯ ಕಟ್ಟೆ ದಾಟಿ ಒಳಗಿಳಿದರು. ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ಹಳೆಯ ನೀರಿನ ಗುರುತು, ಅದರ ಮೇಲೆ ಸುಣ್ಣ, ಸುಣ್ಣದ ಮೇಲೆ ಮತ್ತೆ ಗುರುತು. ಮೇಲಿನ ಮನೆಯ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಕೈಯಲ್ಲಿದ್ದ ಛತ್ರಿಯನ್ನು ಹೊರಗೆ ರಸ್ತೆಯ ಮಟ್ಟಕ್ಕೆ ಅಡ್ಡ ಹಿಡಿದು ಒಳಗಿನ ನೆಲ ಎಷ್ಟು ತಗ್ಗಿನಲ್ಲಿದೆ ಎಂದು ನೋಡಿದರು. ಆಮೇಲೆ ಜಗಳ ಪೂರಾ ನಿಂತಿತೆಂದಲ್ಲ, ಆದರೆ ಅದರ ದನಿ ಇಳಿಯಿತು. ಕಾಗದ ತಯಾರಾಯಿತು: ಹಳೆಯ ಪದರ ಕೆರೆದು ಸಾಗಿಸಬೇಕು, ಹೊಸ ರಸ್ತೆ ಯಾವ ಹೊಸ್ತಿಲಿಗಿಂತಲೂ ಕೆಳಗೇ ಇರಬೇಕು, ಪಕ್ಕದ ಮೋರಿ ಕೊನೆಯ ಮನೆಗೆ ನಿಲ್ಲದೆ ನಾಲಾದವರೆಗೆ ಹೋಗಬೇಕು, ಎತ್ತಿದ ಹೂಳನ್ನು ದಂಡೆಗೆ ಬಿಡಬಾರದು. ಒಡೆಯುವ ದಿನಗಳಲ್ಲಿ ಗಾಡಿ ನಿಲ್ಲಿಸಲು ಹಾಲಿನ ಮುಂದಿನ ಜಾಗ ಬಿಡುವುದೆಂದೂ ಒಪ್ಪಿದೆವು.

ಸಹಿ ಮಾಡುವಾಗ ಅವ್ವನೇ ತಡೆದರು. ಮೋರಿ ನಾಲಾಕ್ಕೆ ಮುಟ್ಟಿದ ಮೇಲೆ ನಮ್ಮ ನೀರೆಲ್ಲ ನಾಲಾದ ಆಚೆ ದಂಡೆಯ ಗುಡಿಸಲುಗಳ ಕಡೆಗೇ ಹೋಗುತ್ತದೆ, ಅಲ್ಲಿನವರು ಯಾರೂ ಈ ಸಭೆಗೆ ಬಂದಿಲ್ಲ ಎಂದರು. ಅದು ಬೇರೆ ವಾರ್ಡು ಎಂದು ಯಾರೋ ನೆನಪಿಸಿದರು. ಇರಲಿ ಎಂದರು ಅವ್ವ. ಭಾನುವಾರ ಅವರೂ ಮೇಷ್ಟ್ರೂ ಕಾಗದ ಹಿಡಿದು ಆಚೆ ದಂಡೆಗೆ ಹೋಗುವುದೆಂದು ಗೊತ್ತಾಗಿದೆ. ಅಲ್ಲಿನವರ ಮಾತು ಕೇಳದೆ, ಅವರ ಸಹಿ ಇಲ್ಲದೆ ಕಾಗದವನ್ನು ಕಚೇರಿಗೆ ಕೊಡಬಾರದು ಎಂಬುದು ಅವರ ಹಟ.